ಎರಡು ಆಪ್ಶನ್ ಉಳಿದಾಗ ಯಾವಾಗಲೂ ತಪ್ಪಿದ್ದೇ ಟಿಕ್ ಆಗುತ್ತಾ? ವಾದದೊಳಗಿನ ಊಹೆ ಹಿಡಿಯುವ ದೋಷ ನಿವಾರಣೆ ಕೈಪಿಡಿ

ಭಾನುವಾರ ಬೆಳಿಗ್ಗೆ ದಾವಣಗೆರೆಯ ವಿದ್ಯಾನಗರದ ಒಂದು ರೂಮಿನಲ್ಲಿ ಹತ್ತು ಹನ್ನೆರಡು ಜನ ಸೇರಿ ರೀಸನಿಂಗ್ ಬಿಡಿಸುತ್ತೇವೆ. ಜಗಳೂರು, ಚನ್ನಗಿರಿ, ಹೊಳಲ್ಕೆರೆ, ಚಳ್ಳಕೆರೆ ಕಡೆಯಿಂದ ಬಂದು ಇಲ್ಲಿ ರೂಮ್ ಮಾಡಿಕೊಂಡು ಓದುತ್ತಿರುವವರೇ ಜಾಸ್ತಿ. ಒಬ್ಬರಿಗೆ ಕೆಎಎಸ್, ಒಬ್ಬರಿಗೆ ಯುಪಿಎಸ್‌ಸಿ, ಇನ್ನೊಬ್ಬರಿಗೆ ಬ್ಯಾಂಕ್, ಇಬ್ಬರಿಗೆ ಲಾ ಕಾಲೇಜು ಸೇರುವ ಪ್ರವೇಶ ಪರೀಕ್ಷೆ ಕ್ಲಾಟ್. ನಂಬರ್ ಸರಣಿ, ರಕ್ತಸಂಬಂಧ, ದಿಕ್ಕು ಎಲ್ಲ ಪಟಪಟ ಬಿಡಿಸುತ್ತಾರೆ. ಆದರೆ ನಾಲ್ಕು ಸಾಲಿನ ಒಂದು ವಾದ ಕೊಟ್ಟು "ಇದರಲ್ಲಿ ಅಡಗಿರುವ ಊಹೆ ಯಾವುದು?", "ಈ ವಾದದ ದೋಷ ಏನು?" ಅಂತ ಕೇಳಿದ ಕೂಡಲೇ ಪೆನ್ನು ನಿಲ್ಲುತ್ತದೆ.

ಬುದ್ಧಿ ಕಮ್ಮಿ ಆಗಿ ಹೀಗಾಗುವುದಿಲ್ಲ. ದೋಷ ಎಲ್ಲಿದೆ ಅಂತ ಹುಡುಕುವ ಕ್ರಮ ಗೊತ್ತಿರುವುದಿಲ್ಲ, ಅಷ್ಟೇ. ಪಂಪ್‌ಸೆಟ್ ಓಡದಿದ್ದರೆ ನಾವು ಮೊದಲು ಮೋಟಾರ್ ಬಿಚ್ಚುತ್ತೇವಾ? ಇಲ್ಲ. ಕರೆಂಟ್ ಇದೆಯಾ ನೋಡುತ್ತೇವೆ, ಆಮೇಲೆ ಫ್ಯೂಸ್, ಆಮೇಲೆ ಸ್ಟಾರ್ಟರ್. ಇಲ್ಲೂ ಹಾಗೇ ಹೋಗೋಣ. ಹುಡುಗರು ನನ್ನ ಹತ್ತಿರ ಹೇಳಿಕೊಳ್ಳುವ ದೂರುಗಳನ್ನೇ ತಲೆಬರಹ ಮಾಡಿದ್ದೇನೆ. ನಿಮ್ಮ ದೂರು ಯಾವುದೋ ಅಲ್ಲಿಂದಲೇ ಓದಿ.

ಮೊದಲು ಮೂರು ಪದ. ವಾದಕ್ಕೆ ಕೊಟ್ಟಿರುವ ಮಾಹಿತಿ ಆಧಾರ. ಅದರಿಂದ ಒಪ್ಪಿಸಲು ಹೊರಟಿರುವ ಮಾತು ತೀರ್ಮಾನ. ಇವೆರಡರ ನಡುವೆ ಇರಲೇಬೇಕಾದ, ಆದರೆ ಬರೆಯದೆ ಬಿಟ್ಟಿರುವ ಮಾತು ಊಹೆ. ಆ ಊಹೆ ಗಟ್ಟಿ ಇಲ್ಲದಿದ್ದರೆ ಅದೇ ದೋಷ. ಹಾಗಾಗಿ ಊಹೆಯ ಪ್ರಶ್ನೆ, ದೋಷದ ಪ್ರಶ್ನೆ ಎರಡಕ್ಕೂ ಹುಡುಕುವ ಜಾಗ ಒಂದೇ.

"ಎರಡು ಸಲ ಓದಿದೆ, ಆದ್ರೂ ಏನು ಹೇಳ್ತಿದ್ದಾರೆ ಅಂತಾನೇ ಗೊತ್ತಾಗ್ಲಿಲ್ಲ"

ಇದು ತುಂಬಾ ಸುಲಭದ ದೋಷ. ಬೇಗ ಸರಿಹೋಗುತ್ತದೆ. ನೀವು ತೀರ್ಮಾನವನ್ನು ಗುರುತಿಸದೆ ಎಲ್ಲ ಸಾಲನ್ನೂ ಒಂದೇ ತೂಕದಲ್ಲಿ ಓದುತ್ತಿದ್ದೀರಿ.

ಆದ್ದರಿಂದ, ಹಾಗಾಗಿ, ಎಂದಮೇಲೆ ಅಂತ ಬಂದರೆ ಮುಂದಿನದು ತೀರ್ಮಾನ. ಏಕೆಂದರೆ ಅಂತ ಬಂದರೆ ಮುಂದಿನದು ಆಧಾರ, ಅದರ ಹಿಂದಿನದು ತೀರ್ಮಾನ. ಇಷ್ಟು ಎಲ್ಲರಿಗೂ ಗೊತ್ತು. ತೊಂದರೆ ಬರುವುದು ಈ ಪದಗಳು ಒಂದೂ ಇಲ್ಲದಿದ್ದಾಗ. ಇದನ್ನು ನೋಡಿ:

"ಭದ್ರಾ ನಾಲೆಗೆ ಈ ಸಲ ನೀರು ತಡವಾಗಿ ಬಿಟ್ಟಿದ್ದಾರೆ. ನಾಲೆಯ ಕೊನೆ ಭಾಗದ ರೈತರು ಬೇಸಿಗೆ ಭತ್ತ ಹಾಕಬಾರದು. ತಡವಾಗಿ ನಾಟಿ ಮಾಡಿದ ಭತ್ತಕ್ಕೆ ಕಾಳು ಕಟ್ಟುವ ಹೊತ್ತಿಗೆ ನೀರು ಸಿಗುವುದಿಲ್ಲ."

ಒಂದೊಂದು ಸಾಲಿಗೂ "ಯಾಕೆ ಹಾಗಂತೀರಿ?" ಅಂತ ಕೇಳಿ. ನೀರು ತಡವಾಗಿ ಬಿಟ್ಟಿದ್ದಾರೆ, ಯಾಕೆ? ಇಲ್ಲಿ ಉತ್ತರ ಇಲ್ಲ. ಭತ್ತ ಹಾಕಬಾರದು, ಯಾಕೆ? ಉಳಿದ ಎರಡು ಸಾಲೂ ಉತ್ತರ ಕೊಡುತ್ತವೆ. ಅಂದರೆ ನಡುವಿನದೇ ತೀರ್ಮಾನ. ಕೊನೆಯ ಸಾಲೇ ತೀರ್ಮಾನ ಅಂದುಕೊಳ್ಳುವ ಅಭ್ಯಾಸ ಬಿಡಿ, ನಮ್ಮ ಗುಂಪಿನಲ್ಲಿ ಆಗುವ ತಪ್ಪುಗಳಲ್ಲಿ ದೊಡ್ಡ ಪಾಲು ಇದರದ್ದೇ.

ತೀರ್ಮಾನದ ಕೆಳಗೆ ಗೆರೆ ಎಳೆಯಿರಿ. ಕಂಪ್ಯೂಟರ್ ಪರೀಕ್ಷೆಯಾದರೆ ರಫ್ ಹಾಳೆಯಲ್ಲಿ ನಾಲ್ಕೇ ಪದದಲ್ಲಿ ಬರೆದುಕೊಳ್ಳಿ. ಇದನ್ನು ಮಾಡದೆ ಮುಂದಿನ ಯಾವ ಪರೀಕ್ಷೆಯನ್ನೂ ಮಾಡಬೇಡಿ.

"ವಾದ ಸರಿಯಾಗೇ ಇದೆಯಲ್ಲ, ತಪ್ಪು ಎಲ್ಲಿದೆ?"

ಇದು ಜಾಣರಿಗೂ ಬರುವ ದೋಷ. ಕಾರಣ ಏನಂದರೆ ತೀರ್ಮಾನ ನಿಮಗೆ ಮೊದಲೇ ಒಪ್ಪಿಗೆ ಆಗಿರುತ್ತದೆ. ಒಪ್ಪಿದ ಮಾತಿನ ಹಿಂದಿನ ದಾರಿಯನ್ನು ಮನಸ್ಸು ಪರೀಕ್ಷೆ ಮಾಡುವುದೇ ಇಲ್ಲ. 1983ರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಜೊನಾಥನ್ ಎವಾನ್ಸ್ ಮತ್ತು ಜೊತೆಗಾರರು ಇದನ್ನು ಪ್ರಯೋಗ ಮಾಡಿ ತೋರಿಸಿದರು. ತೀರ್ಮಾನ ನಂಬುವಂತಿದ್ದರೆ ಸಾಕು, ತರ್ಕ ತಪ್ಪಿದ್ದರೂ ಜನ ಸರಿ ಅಂದುಬಿಡುತ್ತಾರೆ.

ನಾನು ಇದಕ್ಕೆ ಒಂದು ಮಂಡಕ್ಕಿ ಪರೀಕ್ಷೆ ಮಾಡಿಸುತ್ತೇನೆ. "ಒಂದೊಂದು ಮಂಡಕ್ಕಿಯೂ ಹಗುರ. ಆದ್ದರಿಂದ ಮಂಡಕ್ಕಿ ಚೀಲವೂ ಹಗುರ." ದಾವಣಗೆರೆಯಲ್ಲಿ ಮಂಡಕ್ಕಿ ಚೀಲ ಹೊತ್ತವರನ್ನು ನೋಡಿದವರೆಲ್ಲ ಹೌದು ಅನ್ನುತ್ತಾರೆ. ಈಗ ಮಂಡಕ್ಕಿ ತೆಗೆದು ರಾಗಿ ಹಾಕಿ. "ಒಂದೊಂದು ರಾಗಿ ಕಾಳೂ ಹಗುರ. ಆದ್ದರಿಂದ ರಾಗಿ ಚೀಲವೂ ಹಗುರ." ಕ್ವಿಂಟಾಲ್ ಚೀಲ ಎತ್ತಿದವರಿಗೆ ಇದು ಸುಳ್ಳು ಅಂತ ಗೊತ್ತು. ಎರಡು ವಾದಗಳ ಅಚ್ಚು ಒಂದೇ. ರಾಗಿಯಲ್ಲಿ ಮುರಿದುಬಿದ್ದ ಅಚ್ಚು ಮಂಡಕ್ಕಿಯಲ್ಲೂ ಮುರಿದೇ ಇತ್ತು, ತೀರ್ಮಾನ ನಿಜವಾಗಿದ್ದರಿಂದ ನಮಗೆ ಕಾಣಲಿಲ್ಲ, ಅಲ್ವಾ? ಬಿಡಿಬಿಡಿಯಾಗಿ ಇರುವ ಗುಣ ಒಟ್ಟಿಗೂ ಇರುತ್ತದೆ ಅನ್ನುವುದೇ ಇಲ್ಲಿ ಅಡಗಿದ್ದ ಊಹೆ. ವಾದದಲ್ಲಿ ತಪ್ಪು ಕಾಣದಿದ್ದರೆ ಅದರ ಅಚ್ಚು ಹಾಗೇ ಇಟ್ಟುಕೊಂಡು ಒಳಗಿನ ವಸ್ತು ಬದಲಾಯಿಸಿ. ನಿಮ್ಮ ಮನೆಯ, ಹೊಲದ, ಬಸ್‌ಸ್ಟ್ಯಾಂಡಿನ ವಸ್ತು ಹಾಕಿ.

ಇನ್ನೊಂದು ಪರೀಕ್ಷೆ ಇದಕ್ಕಿಂತಲೂ ಸುಲಭ. ತೀರ್ಮಾನದಲ್ಲಿ ಇದ್ದು ಆಧಾರದಲ್ಲಿ ಇಲ್ಲದ ಪದ ಯಾವುದು ನೋಡಿ. "ಈ ವರ್ಷ ಜಿಲ್ಲೆಯಲ್ಲಿ ಮೆಕ್ಕೆಜೋಳದ ಇಳುವರಿ ಹೋದ ವರ್ಷಕ್ಕಿಂತ ಜಾಸ್ತಿ. ಆದ್ದರಿಂದ ಮೆಕ್ಕೆಜೋಳ ಬೆಳೆದವರ ಆದಾಯವೂ ಜಾಸ್ತಿ ಆಗುತ್ತದೆ." ಆಧಾರದಲ್ಲಿ ಇಳುವರಿ ಇದೆ. ತೀರ್ಮಾನಕ್ಕೆ ಆದಾಯ ಎಲ್ಲಿಂದ ಬಂತು? ನಡುವೆ ಬೆಲೆ ಇದೆ, ಗೊಬ್ಬರದ ಖರ್ಚಿದೆ, ಕೂಲಿ ಇದೆ. ಎಪಿಎಂಸಿಗೆ ಒಂದೇ ವಾರದಲ್ಲಿ ಲೋಡುಗಟ್ಟಲೆ ಮಾಲು ಬಂದಾಗ ರೇಟು ಏನಾಗುತ್ತದೆ ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹಾಗಾಗಿ ಊಹೆ: ಇಳುವರಿಯ ಲಾಭವನ್ನು ನುಂಗುವಷ್ಟು ಬೆಲೆ ಇಳಿಯುವುದಿಲ್ಲ, ಖರ್ಚು ಏರುವುದಿಲ್ಲ. ಹೊಸ ಪದ ಸಿಕ್ಕರೆ ಸರಿಯುತ್ತರ ಹೆಚ್ಚಿನ ಸಲ ಆ ಪದವನ್ನೂ ಹಳೆಯ ಪದವನ್ನೂ ಜೋಡಿಸುವ ಆಪ್ಶನ್ನೇ ಆಗಿರುತ್ತದೆ.

"ಎರಡು ಆಪ್ಶನ್‌ಗೆ ತಂದು ನಿಲ್ಲಿಸ್ತೀನಿ, ಆಮೇಲೆ ತಪ್ಪಿದ್ದೇ ಆರಿಸ್ತೀನಿ"

ಹೋದ ವರ್ಷ ಒಬ್ಬ ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು ಈ ಮಾತು ಹೇಳಿದಳು. ಅವಳ ಮಾಕ್ ಟೆಸ್ಟ್ ಹಾಳೆಗಳನ್ನೆಲ್ಲ ಕೂತು ನೋಡಿದೆವು. ಎಲ್ಲ ಕಡೆ ಒಂದೇ ತಪ್ಪು. ವಾದಕ್ಕೆ ಯಾವುದು ಬೇಕೇ ಬೇಕು ಅಂತ ಕೇಳಿದ್ದರು. ಅವಳು ಯಾವುದು ಇದ್ದರೆ ಚೆನ್ನ ಅಂತ ಆರಿಸಿದ್ದಳು. ಉದಾಹರಣೆ ತೆಗೆದುಕೊಳ್ಳೋಣ.

"ಗ್ರಂಥಾಲಯವನ್ನು ರಾತ್ರಿ 10ರವರೆಗೆ ತೆರೆದಿಟ್ಟರೆ ಓದಲು ಬರುವವರು ಹೆಚ್ಚುತ್ತಾರೆ. ಏಕೆಂದರೆ ಹಗಲು ಕೆಲಸಕ್ಕೆ ಹೋಗುವ ವಿದ್ಯಾರ್ಥಿಗಳಿಗೆ ಈಗ ಬರಲು ಆಗುತ್ತಿಲ್ಲ."

ಉಳಿದ ಎರಡು ಆಪ್ಶನ್‌ಗಳು ಇವು. ಒಂದು: ಹಗಲು ಕೆಲಸ ಮಾಡುವ ವಿದ್ಯಾರ್ಥಿಗಳೆಲ್ಲ ರಾತ್ರಿ ಗ್ರಂಥಾಲಯಕ್ಕೆ ಬರುತ್ತಾರೆ. ಎರಡು: ಅವರಲ್ಲಿ ಕೆಲವರಿಗಾದರೂ ರಾತ್ರಿ ಬರಲು ಸಾಧ್ಯವಾಗುತ್ತದೆ.

ಮೊದಲನೆಯದು ಗಟ್ಟಿಯಾಗಿ ಕೇಳಿಸುತ್ತದೆ. ವಾದಕ್ಕೆ ಭಾರಿ ಬಲ ಕೊಡುತ್ತದೆ. ಅದಕ್ಕೇ ಕೈ ಆ ಕಡೆ ಹೋಗುತ್ತದೆ. ಈಗ ಎರಡನ್ನೂ ಉಲ್ಟಾ ಮಾಡಿ. "ಎಲ್ಲರೂ ಬರುತ್ತಾರೆ ಎಂಬುದು ಸುಳ್ಳು", ಅಂದರೆ ಒಬ್ಬಿಬ್ಬರಾದರೂ ಬರುವುದಿಲ್ಲ. ವಾದ ಬಿತ್ತಾ? ಇಲ್ಲ, ಉಳಿದವರು ಬಂದರೂ ಸಂಖ್ಯೆ ಹೆಚ್ಚುತ್ತದೆ. "ಕೆಲವರಿಗಾದರೂ ಸಾಧ್ಯ ಎಂಬುದು ಸುಳ್ಳು", ಅಂದರೆ ಒಬ್ಬರಿಗೂ ಸಾಧ್ಯವಿಲ್ಲ. ಕೊಟ್ಟ ಕಾರಣವೇ ಉಳಿಯಲಿಲ್ಲ. ವಾದ ಬಿತ್ತು. ಎರಡನೆಯದೇ ಉತ್ತರ. ಯಾವುದನ್ನು ಉಲ್ಟಾ ಮಾಡಿದರೆ ವಾದ ಬೀಳುತ್ತದೋ ಅದು ಬೇಕೇ ಬೇಕಾದ ಊಹೆ.

ಈ ಪರೀಕ್ಷೆಯನ್ನು ಕೋಚಿಂಗ್‌ಗಳಲ್ಲೂ ಹೇಳಿಕೊಡುತ್ತಾರೆ. ಆದರೆ ಕನ್ನಡದಲ್ಲಿ ಓದುವವರಿಗೆ ಇದರಲ್ಲಿ ಒಂದು ಗುಂಡಿ ಇದೆ, ಅದನ್ನು ಯಾರೂ ತೋರಿಸುವುದಿಲ್ಲ. "ಎಲ್ಲರೂ ಬರುತ್ತಾರೆ" ಅನ್ನುವುದನ್ನು ಉಲ್ಟಾ ಮಾಡಿ ಅಂದರೆ ನಾವು ಸುಮ್ನೆ ಕೊನೆಯ ಕ್ರಿಯಾಪದಕ್ಕೆ ಇಲ್ಲ ಸೇರಿಸುತ್ತೇವೆ: "ಎಲ್ಲರೂ ಬರುವುದಿಲ್ಲ." ಇದರ ಅರ್ಥ ಏನು? ಮದುವೆ ಮನೆಯವರಿಗೆ ಪಕ್ಕದ ಮನೆಯವರು "ನಾವು ಎಲ್ಲರೂ ಬರಲ್ಲ" ಅಂದರೆ ಕೆಲವರು ಬರುತ್ತಾರೆ ಅಂತಲೋ, ಯಾರೂ ಬರಲ್ಲ ಅಂತಲೋ? ಎರಡೂ ಆಗಬಹುದು. ಮಾತಾಡುವಾಗ ದನಿಯಲ್ಲಿ ಗೊತ್ತಾಗುತ್ತದೆ. ಹಾಳೆಯ ಮೇಲೆ ದನಿ ಇಲ್ಲ. ಪರೀಕ್ಷೆಯ ಗಾಬರಿಯಲ್ಲಿ ನೀವು "ಯಾರೂ ಬರಲ್ಲ" ಅಂತ ಓದಿಕೊಂಡರೆ ಮೊದಲ ಆಪ್ಶನ್ ಉಲ್ಟಾ ಮಾಡಿದಾಗಲೂ ವಾದ ಬಿದ್ದಂತೆ ಕಾಣುತ್ತದೆ, ಆಗ ಎರಡೂ ಸರಿ ಅನಿಸುತ್ತವೆ, ಮತ್ತೆ ಅದೇ ಜಾಗದಲ್ಲಿ ನಿಲ್ಲುತ್ತೀರಿ.

ಅದಕ್ಕೇ ಕ್ರಿಯಾಪದಕ್ಕೆ ಕೈ ಹಾಕಬೇಡಿ. ಇಡೀ ಸಾಲನ್ನು ಹಾಗೇ ಬರೆದು ಕೊನೆಗೆ "ಎಂಬುದು ಸುಳ್ಳು" ಅಂತ ಅಂಟಿಸಿ. ಆಮೇಲೆ ಬಿಡಿಸಿ ನೋಡಿ. ಎಲ್ಲರೂ ಎಂಬುದು ಸುಳ್ಳಾದರೆ ಹಾಗಲ್ಲದವರು ಕನಿಷ್ಠ ಒಬ್ಬರು ಇದ್ದಾರೆ. ಕೆಲವರು ಎಂಬುದು ಸುಳ್ಳಾದರೆ ಒಬ್ಬರೂ ಇಲ್ಲ. ಯಾವಾಗಲೂ ಎಂಬುದು ಸುಳ್ಳಾದರೆ ಹಾಗಾಗದೆ ಇದ್ದದ್ದು ಕನಿಷ್ಠ ಒಂದು ಸಲ ಇದೆ. ಅರ್ಧಕ್ಕಿಂತ ಹೆಚ್ಚು ಎಂಬುದು ಸುಳ್ಳಾದರೆ ಅರ್ಧ ಅಥವಾ ಅದಕ್ಕಿಂತ ಕಮ್ಮಿ. ಆ ಹುಡುಗಿ ಈ ನಾಲ್ಕು ಸಾಲನ್ನು ಟೇಬಲ್ ಮುಂದಿನ ಗೋಡೆಗೆ ಅಂಟಿಸಿಕೊಂಡಿದ್ದಳು.

ಉಲ್ಟಾ ಮಾಡುವ ಪರೀಕ್ಷೆಗೆ ಸಮಯ ಹಿಡಿಯುತ್ತದೆ. ನಾಲ್ಕೂ ಆಪ್ಶನ್‌ಗೆ ಮಾಡಬೇಡಿ, ಕೊನೆಗೆ ಉಳಿದ ಎರಡಕ್ಕೆ ಮಾತ್ರ ಮಾಡಿ. ಇನ್ನೊಂದು ಮಾತು. ಪ್ರಶ್ನೆ "ಯಾವುದನ್ನು ಸೇರಿಸಿದರೆ ತೀರ್ಮಾನ ಖಚಿತವಾಗುತ್ತದೆ" ಅಂತ ಇದ್ದರೆ ಈ ಪರೀಕ್ಷೆ ನಡೆಯುವುದಿಲ್ಲ. ಅಲ್ಲಿ ಬೇಕಾಗಿರುವುದೇ ಗಟ್ಟಿ ಆಪ್ಶನ್. ಹಾಗಾಗಿ ಪ್ರಶ್ನೆಯ ಸಾಲನ್ನು ವಾದಕ್ಕಿಂತ ಮೊದಲು ಓದಿ.

"ಇದ್ದರೆ, ಇಲ್ಲದೆ, ಮಾತ್ರ ಅಂತ ಬಂದ್ರೆ ತಲೆ ತಿರುಗುತ್ತೆ"

ತಿರುಗುವುದು ಸಹಜ. 1966ರಲ್ಲಿ ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞ ಅಕ್ಷರ, ಅಂಕಿ ಬರೆದ ನಾಲ್ಕು ಕಾರ್ಡ್‌ಗಳ ಒಂದು ಒಗಟು ಮಾಡಿದರು. "ಇದಿದ್ದರೆ ಅದಿರುತ್ತದೆ" ಅನ್ನುವ ಒಂದೇ ನಿಯಮ, ಅದನ್ನು ಪರೀಕ್ಷಿಸಲು ಯಾವ ಕಾರ್ಡ್ ತಿರುಗಿಸಬೇಕು ಅಂತ ಪ್ರಶ್ನೆ. ಕಾಲೇಜು ಓದಿದವರಲ್ಲೂ ಬಹುಪಾಲು ಜನ ತಪ್ಪಿದರು. ಅದೇ ಒಗಟಿಗೆ ಆಮೇಲಿನ ಸಂಶೋಧಕರು ಅಕ್ಷರ, ಅಂಕಿ ತೆಗೆದು ದಿನನಿತ್ಯದ ನಿಯಮ ಹಾಕಿದಾಗ ಹೆಚ್ಚಿನವರು ಸರಿಯಾಗಿ ಹೇಳಿದರು. ವಸ್ತು ಬದಲಾಯಿಸಿ ಅಂತ ಮೇಲೆ ಹೇಳಿದ್ದು ಸುಮ್ನೆ ಅಲ್ಲ.

ಹಾಲ್ ಟಿಕೆಟ್ ಹಾಕಿ ನೋಡಿ. "ಹಾಲ್ ಟಿಕೆಟ್ ಇಲ್ಲದೆ ಒಳಗೆ ಬಿಡುವುದಿಲ್ಲ. ಅವಳ ಹತ್ತಿರ ಹಾಲ್ ಟಿಕೆಟ್ ಇದೆ. ಆದ್ದರಿಂದ ಅವಳನ್ನು ಒಳಗೆ ಬಿಡುತ್ತಾರೆ." ತಡವಾಗಿ ಬಂದರೆ? ಗುರುತಿನ ಚೀಟಿ ಮರೆತಿದ್ದರೆ? ಬೇಕೇ ಬೇಕು ಅನ್ನುವುದನ್ನು ಅಷ್ಟಿದ್ದರೆ ಸಾಕು ಅಂತ ಮಾಡಿಕೊಂಡಿದೆ ವಾದ. ದಿನಾ ಹತ್ತು ಗಂಟೆ ಓದದೆ ಪಾಸಾಗಲ್ಲ, ನಾನು ಹತ್ತು ಗಂಟೆ ಓದುತ್ತೇನೆ, ಹಾಗಾಗಿ ಪಾಸಾಗುತ್ತೇನೆ ಅನ್ನುವುದೂ ಇದೇ ಅಚ್ಚು.

ಕನ್ನಡದಲ್ಲಿ ಇದನ್ನೆಲ್ಲ ತಿರುಗಿಸಿ ಹಾಕುವುದು ಒಂದೇ ಒಂದು ಸಣ್ಣ ಅಕ್ಷರ, ಕೊನೆಯ "ಏ". "ಓದಿದವರು ಪಾಸಾಗುತ್ತಾರೆ" ಅಂದರೆ ಓದಿದರೆ ಸಾಕು. "ಓದಿದವರೇ ಪಾಸಾಗುತ್ತಾರೆ" ಅಂದರೆ ಪಾಸಾದವರೆಲ್ಲ ಓದಿದವರು, ಆದರೆ ಓದಿದವರೆಲ್ಲ ಪಾಸಾಗುತ್ತಾರೆ ಅಂತ ಅಲ್ಲ. ಬಾಣದ ಗುರುತು ಹಾಕಿ ನೋಡಿ. ಮೊದಲನೆಯದರಲ್ಲಿ ಬಾಣ ಓದಿನಿಂದ ಪಾಸಿನ ಕಡೆ, ಎರಡನೆಯದರಲ್ಲಿ ಪಾಸಿನಿಂದ ಓದಿನ ಕಡೆ. ಆ ಒಂದು ಏಕಾರ ಕಣ್ಣಿಗೆ ಬೀಳದೆ ಹೋದರೆ ಇಡೀ ಪ್ರಶ್ನೆ ಹೋಯಿತು. ಪ್ರಶ್ನೆ ಓದುವಾಗ ಮಾತ್ರ, ಹೊರತು, ವಿನಾ, ಇಲ್ಲದೆ ಪದಗಳಿಗೆ ಸುತ್ತು ಹಾಕುವ ಹಾಗೆ ಈ ಏಕಾರಕ್ಕೂ ಸುತ್ತು ಹಾಕಿ. ಇಂಗ್ಲಿಷ್ ಪ್ರತಿಯಲ್ಲಿ ಇದಕ್ಕೆ ಬೇರೆಯೇ ಪದ ಇರುತ್ತದೆ, ಎದ್ದು ಕಾಣುತ್ತದೆ. ನಮ್ಮಲ್ಲಿ ಅದು ಪದದ ಬಾಲದಲ್ಲಿ ಕೂತಿರುತ್ತದೆ.

"ಒಂದಾದ ಮೇಲೆ ಇನ್ನೊಂದು ಆಗಿದೆ, ಕಾರಣ ಅದೇ ಅಲ್ವಾ?"

ಹಿರಿಯೂರಿನ ವಾಣಿವಿಲಾಸ ಸಾಗರ, ನಾವು ಮಾರಿಕಣಿವೆ ಅನ್ನುತ್ತೇವೆ, 1907ರಲ್ಲಿ ಕಟ್ಟಿ ಮುಗಿಸಿದ್ದು. 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ 89 ವರ್ಷ ಕೋಡಿ ಬೀಳಲೇ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಿತ್ತು. ಆ ದಿನ ನೋಡಲು ಹೋದವರ ಸಂತೋಷ ಈಗಲೂ ಮಾತಿನಲ್ಲಿ ಬರುತ್ತದೆ. ಈಗ ಒಂದು ವಾದ ಕಟ್ಟೋಣ.

"ಭದ್ರಾ ಮೇಲ್ದಂಡೆ ಯೋಜನೆಯ ನೀರನ್ನು ಜಲಾಶಯಕ್ಕೆ ಹರಿಸಲು ಶುರು ಮಾಡಿದ ಮೇಲೆ 2022ರಲ್ಲಿ ಕೋಡಿ ಬಿತ್ತು. ಆದ್ದರಿಂದ ಕೋಡಿ ಬಿದ್ದದ್ದು ಭದ್ರಾ ನೀರಿನಿಂದಲೇ."

ಭದ್ರಾ ನೀರು ಬಂದದ್ದು ನಿಜ. ಆದರೆ ಆ ವರ್ಷ ಮಳೆಯೂ ಜೋರಾಗಿತ್ತು, ಜಲಾಶಯಕ್ಕೆ ಬರುವ ವೇದಾವತಿ ನದಿಯಲ್ಲೂ ನೀರು ಬಂತು. ಭದ್ರಾ ನೀರು ಮೊದಲೇ ಮಟ್ಟ ಏರಿಸಿಟ್ಟಿತ್ತು, ಮೇಲೆ ಮಳೆ ಬಂತು, ಎರಡೂ ಸೇರಿ ಕೋಡಿ ಬಿತ್ತು ಅಂತ ಹೇಳಲು ಏನು ಅಡ್ಡಿ? ವಾದದಲ್ಲಿ ಏನೂ ಅಡ್ಡಿ ಇಲ್ಲ. "ಮೇಲೆ" ಅನ್ನುವುದನ್ನು "ಇಂದಲೇ" ಅಂತ ಬದಲಾಯಿಸಿದ ಜಾಗದಲ್ಲೇ ದೋಷ ಇದೆ. ನೋಡಿ, ಇಲ್ಲೂ ಬಾಲದಲ್ಲಿ ಏಕಾರ.

ಕಾರಣದ ವಾದ ಬಂದರೆ ನಾಲ್ಕು ಪ್ರಶ್ನೆ ಕೇಳಿ. ಬೇರೆ ಕಾರಣ ಇರಬಹುದಾ? ಕಾರಣ, ಪರಿಣಾಮ ಅದಲುಬದಲು ಆಗಿರಬಹುದಾ? ಎರಡಕ್ಕೂ ಮೂರನೆಯದು ಯಾವುದಾದರೂ ಕಾರಣವಾ? ಸುಮ್ನೆ ಕಾಕತಾಳೀಯವಾ? ನಾಲ್ಕರಲ್ಲಿ ಒಂದು ಪ್ರಶ್ನೆಗೆ "ಇರಬಹುದು" ಅಂತ ಉತ್ತರ ಬಂದರೂ ದೋಷ ಸಿಕ್ಕಿತು. ಅದು ನಿಜವಾಗಿ ಹಾಗೇ ಆಗಿತ್ತು ಅಂತ ನೀವು ಸಾಬೀತು ಮಾಡಬೇಕಿಲ್ಲ.

ಇದಕ್ಕೇ ಹತ್ತಿರದ ಇನ್ನೊಂದು. "ಕಾಯಿ ಹಿಡಿದು ನೀರು ನೋಡುವವರು ತೋರಿಸಿದ ಹತ್ತು ಕಡೆ ಬೋರ್ ಕೊರೆಸಿದರು, ಏಳರಲ್ಲಿ ನೀರು ಬಂತು. ಆದ್ದರಿಂದ ಕಾಯಿ ನೋಡುವ ವಿಧಾನ ಕೆಲಸ ಮಾಡುತ್ತದೆ." ಚಿತ್ರದುರ್ಗ ಜಿಲ್ಲೆಯಲ್ಲಿ ಬೋರ್ ಫೇಲಾಗಿ ಸಾಲ ಹೊತ್ತ ಮನೆಗಳನ್ನು ಕಂಡವನು ನಾನು, ಹಾಗಾಗಿ ಇದು ನನಗೆ ಬರೀ ಪರೀಕ್ಷೆಯ ಪ್ರಶ್ನೆ ಅಲ್ಲ. ಅದೇ ಸೀಮೆಯಲ್ಲಿ ಯಾರೂ ತೋರಿಸದೆ, ಮನಸ್ಸಿಗೆ ಬಂದ ಹತ್ತು ಕಡೆ ಕೊರೆಸಿದ್ದರೆ ಎಷ್ಟರಲ್ಲಿ ನೀರು ಬರುತ್ತಿತ್ತು? ಅಲ್ಲೂ ಏಳೇ ಬಂದಿದ್ದರೆ ಕಾಯಿಗೆ ಏನೂ ಪಾಲಿಲ್ಲ. ಹೋಲಿಸಲು ಇನ್ನೊಂದು ಬದಿ ಕೊಡದೆ ಒಂದೇ ಬದಿಯ ಲೆಕ್ಕ ಕೊಟ್ಟಿದ್ದರೆ ಆ ಕೊರತೆಯನ್ನು ಹೇಳುವ ಆಪ್ಶನ್ ಹುಡುಕಿ.

"ಶೇಕಡ ಇದ್ರೆ ನಂಬಿಬಿಡ್ತೀನಿ"

ಎರಡು ಕೋಚಿಂಗ್ ಇವೆ ಅಂದುಕೊಳ್ಳಿ. ಮೊದಲನೆಯದರಲ್ಲಿ 200 ಜನರಲ್ಲಿ 20 ಜನ ಪಾಸ್. ಎರಡನೆಯದರಲ್ಲಿ 30ರಲ್ಲಿ 9 ಜನ. ಮೊದಲನೆಯದು 20 ಫೋಟೋ ಹಾಕಿ ಫ್ಲೆಕ್ಸ್ ಕಟ್ಟುತ್ತದೆ, "ನಮ್ಮಲ್ಲೇ ಹೆಚ್ಚು." ಸಂಖ್ಯೆಯಲ್ಲಿ ಹೌದು. ಶೇಕಡದಲ್ಲಿ ಮೊದಲನೆಯದು 10, ಎರಡನೆಯದು 30. ಹಾಗಾದರೆ ಎರಡನೆಯದು ಚೆನ್ನಾಗಿ ಕಲಿಸುತ್ತದೆ ಅನ್ನೋಣವಾ? ಅದೂ ಅವಸರ. ಅವರು ಪ್ರವೇಶ ಪರೀಕ್ಷೆ ಇಟ್ಟು ಮೊದಲೇ ಚೆನ್ನಾಗಿ ಓದುವವರನ್ನೇ ಸೇರಿಸಿಕೊಂಡಿರಬಹುದು. ಆಧಾರದಲ್ಲಿ ಸಂಖ್ಯೆ ಇದ್ದು ತೀರ್ಮಾನದಲ್ಲಿ ಶೇಕಡ ಇದ್ದರೆ, ಅಥವಾ ಅದರ ಉಲ್ಟಾ ಇದ್ದರೆ, "ಒಟ್ಟು ಎಷ್ಟರಲ್ಲಿ?" ಅಂತ ಕೇಳಿ.

ಸಮೀಕ್ಷೆ ಬಂದರೆ ಯಾರನ್ನು ಕೇಳಿದರು ಅಂತ ನೋಡಿ. ಬೆಣ್ಣೆ ದೋಸೆ ಹೋಟೆಲಿನ ಒಳಗೆ ಕೂತವರನ್ನು ಕೇಳಿ ದಾವಣಗೆರೆಯವರೆಲ್ಲರ ಇಷ್ಟದ ತಿಂಡಿ ಬೆಣ್ಣೆ ದೋಸೆ ಅಂದರೆ ಆ ತೀರ್ಮಾನ ನಿಜವೇ ಇರಬಹುದು, ವಾದ ಮಾತ್ರ ನಿಲ್ಲುವುದಿಲ್ಲ.

"ದೋಷ ಗೊತ್ತಾಯ್ತು, ಆದ್ರೆ ಆಪ್ಶನ್‌ಗಳ ಭಾಷೆ ಅರ್ಥ ಆಗಲ್ಲ"

ಇಲ್ಲಿಂದ ಸ್ವಲ್ಪ ಕಷ್ಟದ ಕೆಲಸ. ದೋಷದ ಪ್ರಶ್ನೆಗಳಲ್ಲಿ ಆಪ್ಶನ್‌ಗಳು ವಾದದ ವಸ್ತುವನ್ನು ಬಿಟ್ಟು ಬರೀ ಅಚ್ಚಿನ ಬಗ್ಗೆ ಮಾತಾಡುತ್ತವೆ. "ಸಾಧಿಸಬೇಕಾದದ್ದನ್ನೇ ಆಧಾರವಾಗಿ ಇಟ್ಟುಕೊಂಡಿದೆ", "ವಾದವನ್ನು ಬಿಟ್ಟು ವಾದಿಯನ್ನು ಟೀಕಿಸಿದೆ", "ಒಂದೇ ಪದವನ್ನು ಎರಡು ಅರ್ಥದಲ್ಲಿ ಬಳಸಿದೆ" ಹೀಗೆ. ಅಮೆರಿಕದ ಲಾ ಕಾಲೇಜುಗಳ ಎಲ್‌ಸ್ಯಾಟ್ ಪರೀಕ್ಷೆಯಲ್ಲಿ ಇಂಥವು ತುಂಬಾ ಬರುತ್ತವೆ. 2024ರ ಆಗಸ್ಟ್‌ನಿಂದ ಅಲ್ಲಿ ಲಾಜಿಕ್ ಗೇಮ್ಸ್ ಅನ್ನುವ ಒಗಟಿನ ವಿಭಾಗ ತೆಗೆದು ಅಂಕಕ್ಕೆ ಲೆಕ್ಕ ಹಿಡಿಯುವ ಲಾಜಿಕಲ್ ರೀಸನಿಂಗ್ ವಿಭಾಗ ಎರಡು ಮಾಡಿದ್ದಾರೆ, ಹಾಗಾಗಿ ಅಭ್ಯಾಸಕ್ಕೆ ಅದರ ಹಳೆಯ ಪ್ರಶ್ನೆಗಳು ಒಳ್ಳೆಯವು, ಇಂಗ್ಲಿಷ್ ಓದಲು ಬರುವವರು ಬಿಡಿಸಿ ನೋಡಿ.

ಆಪ್ಶನ್ ಓದಿ ಎರಡು ಪ್ರಶ್ನೆ ಕೇಳಿ. ವಾದ ನಿಜವಾಗಿ ಇದನ್ನು ಮಾಡಿದೆಯಾ? ಮಾಡಿದ್ದರೆ ಅದು ತಪ್ಪಾ? ಮೊದಲ ಪ್ರಶ್ನೆಯಲ್ಲೇ ಹೆಚ್ಚಿನ ಆಪ್ಶನ್‌ಗಳು ಉದುರುತ್ತವೆ. ಆಪ್ಶನ್‌ನ ಪ್ರತಿ ಪದಕ್ಕೂ ವಾದದೊಳಗೆ ಬೆರಳಿಟ್ಟು ತೋರಿಸಲು ಆಗಬೇಕು. "ಟೀಕಿಸಿದೆ" ಅಂತ ಇದ್ದರೆ ಟೀಕೆ ಎಲ್ಲಿದೆ? ಬೆರಳಿಡಲು ಜಾಗ ಸಿಗದಿದ್ದರೆ ಆ ಆಪ್ಶನ್ ಬಿಟ್ಟುಬಿಡಿ, ಓದಲು ಎಷ್ಟೇ ದೊಡ್ಡದಾಗಿ ಕೇಳಿಸಲಿ.

ಕೆಲವು ಸಲ ತೊಂದರೆ ಅನುವಾದದ್ದೇ ಆಗಿರುತ್ತದೆ. 2024ರ ಆಗಸ್ಟ್ 27ರಂದು ನಡೆದ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದದ ತಪ್ಪುಗಳು ದೊಡ್ಡ ಸುದ್ದಿಯಾಗಿ, ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಕನ್ನಡದ ಸಾಲು ಎರಡು ಅರ್ಥ ಕೊಡುತ್ತಿದ್ದರೆ ನಿಮ್ಮ ತರ್ಕವನ್ನು ಅನುಮಾನಿಸುವ ಮೊದಲು ಪಕ್ಕದ ಇಂಗ್ಲಿಷ್ ಸಾಲನ್ನು ನೋಡಿ. ಎಲ್ಲ, ಕೆಲವು, ಮಾತ್ರ ಅನ್ನುವ ಮೂರು ಪದ ಎರಡೂ ಕಡೆ ಒಂದೇ ಇವೆಯಾ ಅಂತ ನೋಡಿದರೂ ಸಾಕು.

ಎಚ್ಚರಿಕೆ, ಅಂಕ ಹೋಗುವ ಜಾಗಗಳು

ಆಧಾರವನ್ನು ಪ್ರಶ್ನೆ ಮಾಡಬೇಡಿ. ಬೋರ್ ವಾದದಲ್ಲಿ "ಏಳರಲ್ಲಿ ನೀರು ಬಂತು" ಅಂದರೆ ಬಂತು. ಅದು ಸುಳ್ಳಿರಬಹುದು ಅನ್ನುವುದು ದೋಷದ ಉತ್ತರ ಅಲ್ಲ. ನೀವು ಪರೀಕ್ಷಿಸಬೇಕಾದದ್ದು ಅಲ್ಲಿಂದ ತೀರ್ಮಾನಕ್ಕೆ ಹಾರಿದ ಹಾರುವಿಕೆಯನ್ನು ಮಾತ್ರ.

ನಿಮ್ಮ ಊರಿನ ಜ್ಞಾನವನ್ನು ಊಹೆ ಹುಡುಕಲು ಬಳಸಿ, ಆಪ್ಶನ್ ಆರಿಸಲು ಬಳಸಬೇಡಿ. ಮೆಕ್ಕೆಜೋಳದ ರೇಟು ಬೀಳುವುದನ್ನು ಕಂಡವರಿಗೆ ಬೆಲೆಯ ಯೋಚನೆ ಬೇಗ ಹೊಳೆಯುತ್ತದೆ, ಅದು ಲಾಭ. ಆದರೆ ವಾದದಲ್ಲಿ ಇಲ್ಲದ ಸಂಗತಿ ನಿಮಗೆ ಗೊತ್ತಿದೆ ಅಂತ ಆಪ್ಶನ್ ಟಿಕ್ ಮಾಡಿದರೆ ನಷ್ಟ.

ಯುಪಿಎಸ್‌ಸಿ ಪೂರ್ವಭಾವಿಯ ಎರಡನೇ ಪತ್ರಿಕೆ ಸಿಸ್ಯಾಟ್‌ನಲ್ಲಿ 80 ಪ್ರಶ್ನೆ, 200 ಅಂಕ, ತಪ್ಪಿದರೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಳೆಯುತ್ತಾರೆ. 2015ರಿಂದ ಇದು ಬರೀ ಅರ್ಹತೆಗೆ, ಶೇ. 33 ಅಂದರೆ 66 ಅಂಕ ಬಂದರೆ ಸಾಕು. ಲೆಕ್ಕ ಹಾಕಿ ನೋಡಿ: ನಾಲ್ಕರಲ್ಲಿ ಒಂದನ್ನೂ ತೆಗೆಯಲಾಗದೆ ಗುರಿಯಿಲ್ಲದೆ ಟಿಕ್ ಮಾಡಿದರೆ ಸರಾಸರಿ ಲಾಭ ಸೊನ್ನೆ. ಒಂದನ್ನು ಖಚಿತವಾಗಿ ತೆಗೆದರೆ ಸ್ವಲ್ಪ ಲಾಭ. ಎರಡು ತೆಗೆದರೆ ಪ್ರತಿ ಪ್ರಶ್ನೆಗೆ ಸರಾಸರಿ 0.83 ಅಂಕ. ಹಾಗಾಗಿ ಎರಡು ಉಳಿದಾಗ ಬಿಡಬೇಡಿ. ಕ್ಲಾಟ್‌ನಲ್ಲಿ ತಪ್ಪಿಗೆ 0.25 ಹೋಗುತ್ತದೆ. ಎಲ್‌ಸ್ಯಾಟ್‌ನಲ್ಲಿ ಏನೂ ಕಳೆಯುವುದಿಲ್ಲ.

"1 ಮಾತ್ರ, 2 ಮಾತ್ರ, ಎರಡೂ, ಎರಡೂ ಅಲ್ಲ" ಅನ್ನುವ ರೀತಿಯ ಪ್ರಶ್ನೆ ಬಂದರೆ ಒಂದೊಂದನ್ನೂ ಬೇರೆಬೇರೆಯಾಗಿ ಉಲ್ಟಾ ಮಾಡಿ. ಒಂದು ಸರಿ ಅಂತ ಸಿಕ್ಕ ಖುಷಿಯಲ್ಲಿ ಇನ್ನೊಂದನ್ನು ಅರ್ಧ ಓದಿ ಕಳೆದುಕೊಂಡವರು ನಮ್ಮ ಗುಂಪಿನಲ್ಲೇ ಸುಮಾರು ಜನ ಇದ್ದಾರೆ.

ಎಲ್ಲಿ ನಿಲ್ಲಿಸಬೇಕು, ಯಾವಾಗ ಕೇಳಬೇಕು

ಪರೀಕ್ಷೆಯ ಹಾಲ್‌ನಲ್ಲಿ ತೀರ್ಮಾನ ಯಾವುದು ಅಂತ ಎರಡನೇ ಓದಿಗೂ ಸಿಗದಿದ್ದರೆ ಗುರುತು ಹಾಕಿ ಮುಂದೆ ಹೋಗಿ. ಮೂರನೇ ಸಲ ಅಲ್ಲೇ ಕೂತು ಓದಬೇಡಿ. ಹತ್ತು ಪ್ರಶ್ನೆ ಬಿಟ್ಟು ವಾಪಸ್ ಬಂದಾಗ ಎಷ್ಟೋ ಸಲ ಒಂದೇ ನೋಟಕ್ಕೆ ಸಿಗುತ್ತದೆ.

ಮನೆಯಲ್ಲಿ ಅಭ್ಯಾಸ ಮಾಡುವಾಗ ತಪ್ಪಾದ ಪ್ರತಿ ಪ್ರಶ್ನೆಗೆ ಒಂದು ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆಯಿರಿ: ಮೇಲಿನ ಯಾವ ದೂರು? ತೀರ್ಮಾನ ತಪ್ಪಿತಾ, ಉಲ್ಟಾ ಮಾಡುವುದು ತಪ್ಪಿತಾ, ಏಕಾರ ತಪ್ಪಿತಾ? ಮೂವತ್ತು ತಪ್ಪು ಸೇರಿದ ಮೇಲೆ ಎಣಿಸಿ. ಒಂದೇ ದೂರು ಹತ್ತಕ್ಕಿಂತ ಜಾಸ್ತಿ ಸಲ ಬಂದಿದ್ದರೆ ಇನ್ನಷ್ಟು ಮಾಕ್ ಟೆಸ್ಟ್ ಬರೆಯುವುದನ್ನು ಒಂದು ವಾರ ನಿಲ್ಲಿಸಿ, ಆ ಒಂದೇ ದೂರಿನ ಪ್ರಶ್ನೆಗಳನ್ನು ಗಡಿಯಾರ ಇಲ್ಲದೆ ನಿಧಾನಕ್ಕೆ ಬಿಡಿಸಿ. ಎರಡು ವಾರ ಹೀಗೆ ಮಾಡಿದರೂ ಕಮ್ಮಿ ಆಗದಿದ್ದರೆ ಒಬ್ಬರೇ ಒದ್ದಾಡಬೇಡಿ, ಯಾರನ್ನಾದರೂ ಕೇಳಿ. ಮೇಷ್ಟ್ರೇ ಆಗಬೇಕಿಲ್ಲ, ಜೊತೆಯಲ್ಲಿ ಓದುವವರಾದರೂ ಆಗುತ್ತದೆ. ಅವರಿಗೆ ಉತ್ತರ ತೋರಿಸಬೇಡಿ. ನೀವು ಆರಿಸಿದ ತಪ್ಪು ಆಪ್ಶನ್ ಯಾಕೆ ಸರಿ ಅನಿಸಿತು ಅಂತ ಜೋರಾಗಿ ವಾದ ಮಾಡಿ ಹೇಳಿ. ಆ ವಾದದೊಳಗೂ ಒಂದು ಊಹೆ ಇರುತ್ತದೆ, ಎದುರಿಗೆ ಕೂತವರಿಗೆ ಅದು ನಿಮಗಿಂತ ಮೊದಲು ಕೇಳಿಸುತ್ತದೆ.

ಓದಿದ ಸಾಲು ತಲೆಗೆ ಹೋಗುತ್ತಲೇ ಇಲ್ಲ, ರಾತ್ರಿ ನಿದ್ದೆ ಇಲ್ಲ, ಪರೀಕ್ಷೆ ಅಂದರೆ ಕೈ ನಡುಗುತ್ತದೆ ಅನ್ನುವ ಸ್ಥಿತಿ ಇದ್ದರೆ ಅದು ತರ್ಕದ ದೋಷ ಅಲ್ಲ. ಈ ಕೈಪಿಡಿಯನ್ನು ಪಕ್ಕಕ್ಕಿಡಿ. ಮನೆಯವರ ಹತ್ತಿರ ಹೇಳಿ, ಡಾಕ್ಟರ್ ಹತ್ತಿರ ಹೋಗಿ. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಸಿಗುತ್ತಾರೆ.